ಬಂಡೆಯ ಮೇಲಿನ ಬಿಳಿ ಕೈಗಳು

ಮೊನ್ನೆ ನನ್ನ ಅಕ್ಕನ ಮಗಳು ಬೆಂಗಳೂರಿನಿಂದ ಬಂದವಳು ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಪುಟ್ಟ ಬಟ್ಟೆಯ ಚೀಲ ಇಟ್ಟು ಸ್ನಾನಕ್ಕೆ ಹೋದಳು. ಬಾಯಿಗೆ ದಾರ ಬಿಗಿದ ಚೀಲ. ಇನ್ನೊಬ್ಬರ ಚೀಲ ಬಿಚ್ಚಬಾರದು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿರುವುದನ್ನೆಲ್ಲ ಪಾಲಿಸುವವರು ಯಾರಿದ್ದಾರೆ, ನೀವೇ ಹೇಳಿ. ಬಿಚ್ಚಿದೆ. ಒಳಗೆ ಬಿಳಿ ಪುಡಿ. ಮೂಸಿದೆ, ವಾಸನೆಯಿಲ್ಲ. ಟೀವಿಯಲ್ಲಿ ತೋರಿಸುವ ಕೆಟ್ಟ ಸುದ್ದಿಗಳೆಲ್ಲ ಒಟ್ಟಿಗೇ ನೆನಪಾದವು. ಅವಳ ಅಮ್ಮನಿಗೆ ಫೋನ್ ಮಾಡುವುದೋ, ಮೊದಲು ಇವಳನ್ನೇ ಕೂರಿಸಿ ಕೇಳುವುದೋ ಎಂದು ಒದ್ದಾಡುತ್ತಿರುವಾಗ ಅವಳು ತಲೆ ಒರೆಸಿಕೊಳ್ಳುತ್ತಾ ಬಂದಳು.

"ಅಯ್ಯೋ ಚಿಕ್ಕಮ್ಮ, ಅದು ಗೋಡೆ ಹತ್ತೋವಾಗ ಕೈಗೆ ಹಚ್ಕೊಳ್ಳೋ ಪುಡಿ! ಬೆವರಿದ್ರೆ ಜಾರುತ್ತಲ್ಲ, ಅದಕ್ಕೆ."

ಬೆಂಗಳೂರಿನಲ್ಲಿ ಒಂದು ದೊಡ್ಡ ಹಾಲ್ ಇದೆಯಂತೆ. ಅಲ್ಲಿ ಹಣ ಕೊಟ್ಟು ಗೋಡೆ ಹತ್ತುತ್ತಾರಂತೆ. ಸದ್ಯ, ಇಷ್ಟೇ ತಾನೆ ಎಂದು ಕೈ ತೊಳೆಯಲು ಹೋದೆ. ಆದರೆ ಬೆರಳಿಗೆ ಅಂಟಿದ ಆ ನಯವಾದ ಪುಡಿಯನ್ನು ನೋಡುತ್ತಾ ಹಾಗೇ ನಲ್ಲಿಯ ಮುಂದೆ ನಿಂತುಬಿಟ್ಟೆ. ಅದು ನನ್ನ ಕೈಗೆ ಹತ್ತಿದ್ದು ಎರಡನೇ ಸಲ. ಮೊದಲ ಸಲ ಹತ್ತಿದ್ದು ಎಂಬತ್ತರ ದಶಕದಲ್ಲಿ, ನಮ್ಮ ಮುನಿಯಮ್ಮತ್ತೆಯ ಮನೆ ಹಿಂದಿನ ಬಂಡೆಯ ಕೆಳಗೆ.

ಮೊದಲೇ ಹೇಳಿಬಿಡುತ್ತೇನೆ, ಅನುಮಾನ ನಮ್ಮ ಮನೆತನದಲ್ಲಿ ರಕ್ತದಿಂದಲೇ ಬಂದದ್ದು. ಕೆಲವರ ಮನೆಯಲ್ಲಿ ಬೊಕ್ಕತಲೆ ಬರುತ್ತದೆ, ಕೆಲವರಲ್ಲಿ ಸಕ್ಕರೆ ಕಾಯಿಲೆ. ನಮ್ಮಲ್ಲಿ ಇದು. ನಮ್ಮಪ್ಪ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಮಾಲೂರು ಬಸ್ಸಿನ ಬೋರ್ಡು ಓದಿ, ಆಮೇಲೆ ಕಂಡಕ್ಟರನ್ನು ಕೇಳಿ, ಒಳಗೆ ಕೂತವರನ್ನು ಕೇಳಿ, ಕೊನೆಗೆ ಡ್ರೈವರ್ ಬಂದು ಕೂತ ಮೇಲೆ ಅವನನ್ನೂ ಕೇಳುತ್ತಿದ್ದರು. "ಯಜಮಾನ್ರೇ, ಓಡ್ಸೋನು ನಾನೇ, ಮಾಲೂರಿಗೇ ಹೋಗ್ತೀನಿ" ಎಂದು ಅವನು ಆಣೆ ಮಾಡಿದರೂ ಅಪ್ಪ ಊರು ಬರುವವರೆಗೆ ಬಾಗಿಲ ಹತ್ತಿರವೇ ನಿಂತಿರುತ್ತಿದ್ದರು. ತಪ್ಪು ಬಸ್ಸಾದರೆ ಬೇಗ ಇಳಿಯಬಹುದಲ್ಲ.

ಅಪ್ಪನ ಅಕ್ಕ ಮುನಿಯಮ್ಮತ್ತೆಯ ಮುಂದೆ ಅಪ್ಪ ಏನೂ ಅಲ್ಲ. ಒಂದು ಸಲ ನಮ್ಮನ್ನೆಲ್ಲ ಕುರುಡುಮಲೆಗೆ ಕರೆದುಕೊಂಡು ಹೋಗಿದ್ದಳು. ಜನ ಅಷ್ಟೆತ್ತರದ ಗಣೇಶನನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಅತ್ತೆಗೆ ಹೊರಗಿಟ್ಟ ಚಪ್ಪಲಿಯದೇ ಚಿಂತೆ. ಕಳ್ಳನಿಗೆ ಜೊತೆ ಸಿಗಬಾರದೆಂದು ಎಡಗಾಲಿನದನ್ನು ಒಂದು ಮೂಲೆಯಲ್ಲೂ ಬಲಗಾಲಿನದನ್ನು ಇನ್ನೆಲ್ಲೋ ಒಂದು ಗಿಡದ ಹಿಂದೆಯೂ ಇಟ್ಟಿದ್ದಳು. ಹೊರಗೆ ಬಂದು ನೋಡಿದರೆ ಬಲಗಾಲಿನದು ಯಾವ ಗಿಡದ ಹಿಂದೆ ಎಂಬುದು ಮರೆತುಹೋಗಿತ್ತು. ನಾವೆಲ್ಲ ಸೇರಿ ಇದ್ದಬದ್ದ ಗಿಡಗಳನ್ನೆಲ್ಲ ಹುಡುಕಿದ್ದಾಯಿತು. ಕೊನೆಗೆ ಒಂದೇ ಚಪ್ಪಲಿ ಕೈಯಲ್ಲಿ ಹಿಡಿದು ಬಸ್ಸು ಹತ್ತಿದಳು. "ಕಾಲ ಎಷ್ಟು ಕೆಟ್ಟೋಯ್ತು ನೋಡೇ, ಒಂಟಿ ಚಪ್ಪಲೀನೂ ಕದೀತಾರೆ" ಎಂದಳೇ ಹೊರತು ತಾನೇ ಮರೆತೆ ಎಂದು ಸಾಯುವವರೆಗೂ ಒಪ್ಪಲಿಲ್ಲ.

ಅತ್ತೆಯ ಊರು ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆ ಹೋಗುವ ದಾರಿಯಲ್ಲಿತ್ತು. ಹೆಸರು ಬೇಡ ಬಿಡಿ, ಅಲ್ಲಿಯ ಜನ ಇನ್ನೂ ಇದ್ದಾರೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಅತ್ತೆಗೆ ಮಕ್ಕಳಿರಲಿಲ್ಲ. ಇದ್ದದ್ದು ಒಂದು ತುಂಡು ಹಿಪ್ಪುನೇರಳೆ ತೋಟ, ಹೆಂಚಿನ ಮನೆ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಒಂದು ಕೋಣೆ. ಆ ಕೋಣೆಗೆ ಒರಗಿದಂತೆ ಪಡುವಣ ದಿಕ್ಕಿಗೆ ಮೂರು ಮನೆ ಒಂದರ ಮೇಲೊಂದು ಇಟ್ಟಷ್ಟು ಎತ್ತರದ ಬಂಡೆ. ನಮ್ಮ ಕಡೆ ಇಂಥದನ್ನು ಗುಂಡು ಎನ್ನುತ್ತಾರೆ. ಬೇಸಗೆಯಲ್ಲಿ ಊರಿಗೆ ಊರೇ ಬಾಣಲೆಯಾಗಿದ್ದಾಗಲೂ ಮಧ್ಯಾಹ್ನ ತಿರುಗಿದ ಕೂಡಲೇ ಗುಂಡಿನ ನೆರಳು ಹುಳುವಿನ ಕೋಣೆಯ ಮೇಲೆ ಬೀಳುತ್ತಿತ್ತು. ಬೇರೆಯವರ ಹುಳು ಸೆಕೆಗೆ ಸಾಯುತ್ತಿದ್ದಾಗ ಅತ್ತೆಯ ಹುಳು ನೆಮ್ಮದಿಯಾಗಿ ಸೊಪ್ಪು ತಿಂದು ಗೂಡು ಕಟ್ಟುತ್ತಿತ್ತು. ಅತ್ತೆ ಯಾರ ಮುಂದೂ ಕೈ ಚಾಚದೆ ಬದುಕಿದ್ದು ಆ ನೆರಳಿನಿಂದ. ಆದರೆ ಗುಂಡು ನಿಂತಿದ್ದ ಜಾಗ ಅತ್ತೆಯದಲ್ಲ, ಸಾಗುವಳಿಗೆ ಬಾರದ ಸರ್ಕಾರಿ ಖರಾಬು. ಇದೊಂದು ವಿಷಯ ಅತ್ತೆಯ ಎದೆಯಲ್ಲಿ ಸದಾ ಚುಚ್ಚುತ್ತಿತ್ತು.

ನಾನು ಆ ವರ್ಷ ಪಿಯುಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ಮನೆಯಲ್ಲಿ ಕೂತರೆ ಅಪ್ಪನ ಮುಖ ನೋಡಬೇಕು. ಅದಕ್ಕಿಂತ ಹುಳುವಿನ ಮುಖ ನೋಡುವುದೇ ವಾಸಿ ಎಂದು ಅತ್ತೆಯ ಮನೆಗೆ ಹೋದೆ. ಹುಳು ನಾಲ್ಕನೇ ಜ್ವರ ಎದ್ದಿತ್ತು. ಹುಳು ಪೊರೆ ಬಿಡಲು ತಿನ್ನದೆ ಅಲುಗದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದಿತೆಂದರೆ ಆಮೇಲೆ ಬಕಾಸುರನ ಹಸಿವು. ಹಗಲೆಲ್ಲ ಸೊಪ್ಪು ಕೊಯ್ಯುವುದು, ತಟ್ಟೆಗೆ ಹಾಕುವುದು. ಆ ದಿನಗಳಲ್ಲಿ ಹೊರಗಿನವರ ನೆರಳೂ ಕೋಣೆಗೆ ಬೀಳಬಾರದು. ಸೆಂಟು, ಪೌಡರು ಹಾಕಿದವರಂತೂ ಅಂಗಳಕ್ಕೇ ಬರುವಂತಿಲ್ಲ. ನನ್ನ ಪೌಡರ್ ಡಬ್ಬಿಯನ್ನು ಅತ್ತೆ ಮೊದಲ ದಿನವೇ ಕಿತ್ತು ಟ್ರಂಕಿಗೆ ಹಾಕಿದ್ದಳು.

ಇಂಥ ಹೊತ್ತಿನಲ್ಲಿ, ಒಂದು ಭಾನುವಾರ ಬೆಳಗಿನ ಬಸ್ಸಿಗೆ ನಾಲ್ವರು ಇಳಿದು ನೆಟ್ಟಗೆ ಗುಂಡಿನ ಹತ್ತಿರ ಬಂದರು. ಮೂವರು ಗಂಡಸರು, ಪ್ಯಾಂಟು ಹಾಕಿದ ಒಬ್ಬ ಹುಡುಗಿ. ಹೆಗಲ ಮೇಲೆ ಹಗ್ಗದ ಸುರುಳಿ. ಬಂಡೆಯನ್ನು ಸುತ್ತಿದರು, ತಟ್ಟಿದರು, ಸವರಿದರು, ದೂರ ನಿಂತು ತಲೆ ಓರೆ ಮಾಡಿ ನೋಡಿದರು. ಹೆಣ್ಣು ನೋಡಲು ಬಂದವರೂ ಹಾಗೆ ನೋಡುವುದಿಲ್ಲ. ಅತ್ತೆ ಸೊಪ್ಪು ಕತ್ತರಿಸುವ ಕತ್ತಿಯನ್ನು ಹಿಡಿದುಕೊಂಡೇ ಹೊರಗೆ ಬಂದಳು. ಅನುಮಾನ ಬಂದರೆ ಅತ್ತೆಯ ಬಾಯಿಗೆ ತೆಲುಗು ಬರುತ್ತಿತ್ತು.

"ಎವುರು ನಾಯ್ನಾ ಮೀರು?" ಎಂದಳು. ಅವರು ಮಿಕಮಿಕ ನೋಡಿದರು. "ಯಾರಪ್ಪಾ ನೀವು?" ಎಂದು ಕನ್ನಡಕ್ಕೆ ಇಳಿದಳು.

"ಬೆಂಗ್ಳೂರಿಂದ ಬಂದಿದ್ದೀವಮ್ಮ. ಈ ಬಂಡೆ ಹತ್ತೋಣ ಅಂತ" ಎಂದಳು ಹುಡುಗಿ. ರೇಖಾ ಎಂದು ಅವಳ ಹೆಸರು.

"ಮೇಲೇನೈತೆ?"

"ಏನೂ ಇಲ್ಲಮ್ಮ."

"ಏನೂ ಇಲ್ದೆ ಯಾತಕ್ಕೆ ಹತ್ತೀರಾ?"

"ಸುಮ್ನೆ. ಹತ್ತಿ ಇಳೀತೀವಿ."

"ಹತ್ತಲೇಬೇಕಂದ್ರೆ ಹಿಂದ್ಗಡೆಯಿಂದ ಹತ್ರಿ. ಮೇಕೆಗಳೂ ಹತ್ತುತ್ವೆ."

"ಅದು ಸುಲಭ ಅಮ್ಮ. ನಮಗೆ ಈ ಕಡೆಯಿಂದ್ಲೇ ಬೇಕು."

ಅತ್ತೆ ನನ್ನ ಕಡೆ ತಿರುಗಿ, "ಸುಳ್ಳು ಹೇಳೋಕೂ ಒಂದು ಲೆಕ್ಕ ಬೇಡ್ವೇನೇ?" ಎಂದಳು.

ಊರವರೆಲ್ಲ ಸೇರಿದರು. ನಿಧಿ ಹುಡುಕಲು ಬಂದವರು ಎಂದರು ಕೆಲವರು. ಚಿನ್ನದ ಗಣಿ ಕಡೆಯವರು, ಕಲ್ಲು ಮೂಸಿ ಚಿನ್ನ ಹೇಳುತ್ತಾರೆ ಎಂದರು ಇನ್ನು ಕೆಲವರು. ಸಿನಿಮಾ ಶೂಟಿಂಗಿಗೆ ಜಾಗ ನೋಡುತ್ತಿದ್ದಾರೆ ಎಂಬುದು ನನ್ನ ಅನುಮಾನ. ಅದಕ್ಕಾಗಿ ಒಳಗೆ ಹೋಗಿ ಒಳ್ಳೆಯ ದಾವಣಿ ಹಾಕಿಕೊಂಡು ಬಂದಿದ್ದೆ ಎಂಬುದನ್ನು ಇವತ್ತು ಹೇಳಿದರೆ ಏನೂ ತಪ್ಪಿಲ್ಲ.

ಅವರು ಸೊಂಟದ ಚೀಲದಿಂದ ಬಿಳಿ ಪುಡಿ ತೆಗೆದು ಅಂಗೈಗೆ ಸವರಿಕೊಂಡು ಹತ್ತತೊಡಗಿದರು. ಹತ್ತುವುದು, ಬೀಳುವುದು, ನಗುವುದು, ಮತ್ತೆ ಹತ್ತುವುದು. ಅವರಲ್ಲಿ ಹಿರಿಯರೊಬ್ಬರು ಕೆಳಗೆ ಕೂತು ಕೈ ಊದಿಕೊಳ್ಳುತ್ತಾ ತಮ್ಮಷ್ಟಕ್ಕೇ ಗೊಣಗಿದರು: "ಕರ್ನೂಲು ಕಡೆ ಸುಣ್ಣಕಲ್ಲಿನ ಬಂಡೆ ಹತ್ತಿದ್ದೀವಿ. ಅದರಲ್ಲಿ ಬೆರಳಿಡೋಕೆ ತೂತು, ಸಂದು ಏನಾದ್ರೂ ಸಿಗುತ್ತೆ. ಇದು ನೋಡಿ, ಅಡಿಯಿಂದ ಮುಡಿವರೆಗೂ ಒಂದೇ ಕಲ್ಲು. ಒಂದು ಬಿರುಕೂ ಇಲ್ಲ. ಇಂಥ ಕಲ್ಲು ನಾನು ನೋಡಿರಲಿಲ್ಲ." ನನಗೆ ಅತ್ತೆಯ ಸೀರೆಯನ್ನು ಯಾರೋ ಹೊಗಳಿದಷ್ಟು ಹೆಮ್ಮೆಯಾಯಿತು. ಆ ಮಾತನ್ನು ಹಾಗೇ ನೆನಪಿಟ್ಟುಕೊಂಡು ರಾತ್ರಿ ಅತ್ತೆಗೂ ಹೇಳಿದೆ.

ಅತ್ತೆ ಹುಳುವಿಗೆ ಸೊಪ್ಪು ಹಾಕಲು ಒಳಗೆ ಹೋದಾಗ ರೇಖಾ ನನ್ನನ್ನು ಕರೆದಳು. "ನೀವೂ ಬನ್ನಿ, ಹತ್ತಿ ನೋಡಿ." ನನ್ನ ಅಂಗೈ ಹಿಡಿದು ಪುಡಿ ಸವರಿದಳು. ಬಂಡೆಯಲ್ಲಿ ಕಣ್ಣಿಗೆ ಕಾಣದ ಒಂದು ಉಬ್ಬನ್ನು ತೋರಿಸಿ ಬೆರಳು ಇಡಿಸಿದಳು. ಹುಟ್ಟಿದಾಗಿನಿಂದ ನೋಡಿದ ಬಂಡೆ, ಅದರ ಮೈ ಅಷ್ಟು ತರಿತರಿ ಎಂದು ನನಗೆ ಗೊತ್ತಿರಲಿಲ್ಲ. ಲಂಗ ಎತ್ತಿ ಕಟ್ಟಿ ಒಂದಾಳೆತ್ತರ ಹತ್ತಿದೆ. ಅಲ್ಲಿಂದ ಮನೆಯ ಹೆಂಚು ಕಾಣಿಸಿತು, ಹೆಂಚಿನ ಮೇಲೆ ನಾನು ಚಿಕ್ಕವಳಿದ್ದಾಗ ಎಸೆದ ಹಲ್ಲಾದರೂ ಕಂಡೀತು ಎನ್ನಿಸಿತು. ಎಷ್ಟು ಖುಷಿಯಾಯಿತೆಂದರೆ ಜೋರಾಗಿ ನಕ್ಕುಬಿಟ್ಟೆ. ಪರೀಕ್ಷೆ ಫೇಲಾದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ಅಷ್ಟರಲ್ಲಿ ಒಳಗಿಂದ "ಎಲ್ಲೇ ಹೋದೆ?" ಎಂಬ ಕೂಗು. ಧುಮುಕಿದೆ. ಓಡುವ ಮೊದಲು ಒಂದು ಚಿಟಿಕೆ ಪುಡಿಯನ್ನು ದಾವಣಿಯ ತುದಿಗೆ ಗಂಟು ಹಾಕಿಕೊಂಡೆ. ಅಷ್ಟು ನಗಿಸಿದವರ ಮೇಲೂ ಅನುಮಾನ ಹೋಗಿರಲಿಲ್ಲ ನೋಡಿ, ರಕ್ತ ಎಲ್ಲಿಗೆ ಹೋಗುತ್ತದೆ!

ಸಂಜೆ ಬಸ್ಸಿಗೆ ಅವರು ಹೋದರು. ಮಾರನೇ ದಿನ ಗೌಸ್ ಸಾಬರು ಬಂದರು. ಸೈಕಲ್ಲಿನ ಮೇಲೆ ಸುಣ್ಣ, ಹೊಗೆಸೊಪ್ಪು, ಅಡಿಕೆ ಇಟ್ಟುಕೊಂಡು ಊರೂರು ತಿರುಗುತ್ತಿದ್ದವರು. ಹುಳುವಿನ ತಟ್ಟೆಗೆ ಹಾಕುವ ಸುಣ್ಣದ ಪುಡಿ, ಅತ್ತೆಯ ಎಲೆ ಅಡಿಕೆಯ ಸುಣ್ಣ, ಎರಡೂ ಅವರಿಂದಲೇ. ಸೈಕಲ್ ನಿಲ್ಲಿಸಿದವರು ಹತ್ತಿದವರ ಅಂಗೈ ಪುಡಿ ಗುಂಡಿನ ಮೇಲೆ ಮೂಡಿಸಿದ್ದ ಬಿಳಿ ಕೈಗಳನ್ನು ನೋಡಿ, ಹಾಗೇ ಸೀಟಿನ ಮೇಲೆ ಕೈಯೂರಿ ನಿಂತರು.

"ಮುನಿಯಮ್ಮಕ್ಕಾ, ಇದಕ್ಕೂ ಹಚ್ಚಿಬಿಟ್ರಾ?"

ಅತ್ತೆಯ ಮುಖ ಬಿಳುಚಿಕೊಂಡಿತು. ನಮ್ಮ ಸೀಮೆಯಲ್ಲಿ ಕಲ್ಲು ಒಡೆಯುವವರಲ್ಲಿ ಒಂದು ಪದ್ಧತಿ. ಒಬ್ಬ ಮೇಸ್ತ್ರಿ ಒಂದು ಬಂಡೆಯನ್ನು ಆರಿಸಿಕೊಂಡರೆ ಅದಕ್ಕೆ ಸುಣ್ಣದ ಗುರುತು ಹಾಕುತ್ತಾನೆ. ಸುಣ್ಣ ಹಾಕಿದ ಕಲ್ಲನ್ನು ಇನ್ನೊಬ್ಬ ಮುಟ್ಟುವುದಿಲ್ಲ. ಆದರೆ ಅದು ಉಳಿಯುವುದೂ ಇಲ್ಲ. ಆ ವರ್ಷಗಳಲ್ಲಿ ನಮ್ಮ ಗುಡ್ಡಗಳ ಕಲ್ಲು ಹಡಗು ಹತ್ತಿ ಪರದೇಶಕ್ಕೆ ಹೋಗತೊಡಗಿತ್ತು. ಪಕ್ಕದ ಗುಡ್ಡಕ್ಕೆ ಆಗಲೇ ಸುಣ್ಣ ಬಿದ್ದಿತ್ತು.

"ಒಂದು ಎರಡು ಅಲ್ಲ ಅಕ್ಕಾ, ಕೈಯೆಲ್ಲಾ ಮುಳುಗ್ಸಿ ಹಚ್ಚವ್ರೆ. ಮೇಲ್ಗಂಟಾ ಹಚ್ಚವ್ರೆ. ಇದು ದೊಡ್ಡ ಪಾರ್ಟಿ" ಎಂದರು ಸಾಬರು. ಆ ಕೈಗಳಲ್ಲಿ ಕೆಳಗಿನ ಎರಡು ನನ್ನವು. ನಾನು ಬಾಯಿ ಬಿಡಲಿಲ್ಲ. ದಾವಣಿಯ ಗಂಟನ್ನು ಮಾತ್ರ ಬಿಚ್ಚಿ ಕೊಟ್ಟೆ, "ಅವರ ಚೀಲದಿಂದ ಎತ್ಕೊಂಡೆ" ಎಂದೆ. ಸಾಬರು ಬೆರಳಲ್ಲಿ ಉಜ್ಜಿ ನೋಡಿ, ತಿಳಿಯಲಿಲ್ಲವೆಂದು ತಲೆಯಾಡಿಸಿದರು. ಅತ್ತೆ ಒಂದು ಎಲೆ ತೆಗೆದು, ಅಡಿಕೆ ಇಟ್ಟು, ಸುಣ್ಣದ ಬದಲು ಆ ಪುಡಿ ಸವರಿ ಬಾಯಿಗೆ ಹಾಕಿಕೊಂಡಳು. ಅಗಿದಳು, ಅಗಿದಳು. ಆಮೇಲೆ ಅಂಗಳದಲ್ಲಿ ಉಗಿದಳು. ಕೆಂಪಾಗಿರಲಿಲ್ಲ. ಹಸಿರಾಗಿಯೇ ಇತ್ತು.

"ಸುಣ್ಣ ಅಲ್ಲ ಅಕ್ಕಾ. ಬಿಡು, ಭಯ ಇಲ್ಲ" ಎಂದರು ಸಾಬರು.

"ಭಯ ಇಲ್ವಾ? ಸುಣ್ಣ ಆಗಿದ್ರೆ ಕೇಳ್ಬೋದಿತ್ತು, ಯಾಕಪ್ಪಾ ಹಚ್ಚಿದ್ರಿ ಅಂತ. ಈಗ ಕೇಳಿದ್ರೆ ಸುಣ್ಣಾನೇ ಅಲ್ಲ ಅಂತಾರೆ. ಎಂಥ ಕಿಲಾಡಿಗಳು ನೋಡು!"

ಸಾಬರು ಸೈಕಲ್ ಹತ್ತಿದರು. ಅತ್ತೆ ಕೊಡದಲ್ಲಿ ನೀರು ತಂದು ಕೈಗೆ ಎಟುಕುವ ಗುರುತುಗಳನ್ನೆಲ್ಲ ತೊಳೆದಳು. ಮೇಲಿನವು ಹಾಗೇ ಉಳಿದವು. ಎರಡು ದಿನ ಅವುಗಳನ್ನೇ ನೋಡುತ್ತಾ ಊಟ ಬಿಟ್ಟಳು. "ಈ ಗುಂಡು ಹೋದ್ರೆ ನಾನೂ ಹೋದೆ ಕಣೇ" ಎಂದು ಬಾಗಿಲಲ್ಲಿ ಕೂತು ಅತ್ತಳು. ಅತ್ತೆ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಬರೀಲಾ ಅತ್ತೆ?" ಎಂದೆ.

"ಬೇಡ್ವೇ ಬೇಡ. ಅವರಿಗೆ ಇಲ್ಲೊಂದು ಗುಂಡೈತೆ ಅಂತಾನೂ ಗೊತ್ತಿಲ್ಲ. ನೀನ್ಯಾಕೆ ಹೇಳೋಕೋಯ್ತೀಯಾ?"

ಈಗ ಯೋಚಿಸಿದರೆ ಅತ್ತೆ ಜೀವಮಾನದಲ್ಲಿ ಪಟ್ಟ ಅನುಮಾನಗಳಲ್ಲಿ ಅಪ್ಪಟ ಸರಿಯಾದದ್ದು ಅದೊಂದೇ. ಆದರೆ ನಾನು ಓದಿದವಳು. ಇಂಗ್ಲಿಷಿಗೆ ಫೇಲಾದರೇನು, ಕನ್ನಡದ ಪತ್ರಲೇಖನದಲ್ಲಿ ಯಾವಾಗಲೂ ನನಗೇ ಹೆಚ್ಚು ಅಂಕ. ಅತ್ತೆಯನ್ನು ಕಾಪಾಡಿ, ಅಪ್ಪನ ಮುಂದೆ ತಲೆಯೆತ್ತಿ ನಿಲ್ಲುವ ಆಸೆ. ಅತ್ತೆ ತೋಟಕ್ಕೆ ಹೋದಾಗ ಕೂತು ಬರೆದೆ. ಯಾವ ಬಂಡೆ ಎಂದು ಕಚೇರಿಯವರಿಗೆ ಗೊಂದಲವಾಗಬಾರದಲ್ಲ, ಅದಕ್ಕೆ ಚೆನ್ನಾಗಿ ವರ್ಣಿಸಿದೆ. ಮೂರು ಮನೆಯೆತ್ತರದ ಬಂಡೆ. ಅಡಿಯಿಂದ ಮುಡಿಯವರೆಗೆ ಒಂದೇ ಕಲ್ಲು, ಒಂದು ಬಿರುಕೂ ಇಲ್ಲವೆಂದು ಬೆಂಗಳೂರಿನ ಪರಿಣತರೇ ಮುಟ್ಟಿ ನೋಡಿ ಹೇಳಿದ್ದಾರೆ. ಖರಾಬು ಜಾಗದಲ್ಲಿದೆ. ಟಾರು ರಸ್ತೆಯಿಂದ ಬುಡದವರೆಗೂ ಎರಡು ಗಾಡಿ ಒಟ್ಟಿಗೆ ಬರುವಷ್ಟು ದಾರಿಯಿದೆ. ಹೀಗೆ ಒಂದು ಪುಟ. ಕೊನೆಯ ಎರಡು ಸಾಲಿನಲ್ಲಿ, ಇಂಥ ಬಂಡೆಯನ್ನು ಯಾರೂ ಒಡೆಯದಂತೆ ಕಾಪಾಡಬೇಕೆಂದು ಪ್ರಾರ್ಥನೆ. ಹೆಸರು ಹಾಕಲು ಅನುಮಾನ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ? "ಇಂತಿ, ಗ್ರಾಮಸ್ಥರು" ಎಂದು ಬರೆದು, ಮುಳಬಾಗಿಲಿಗೆ ಹೋದಾಗ ಅಂಚೆಗೆ ಹಾಕಿ ಬಂದೆ. ಅತ್ತೆಗೆ ಹೇಳಲಿಲ್ಲ.

ಹುಳು ಗೂಡು ಕಟ್ಟಿತು. ಅದನ್ನು ಮಾರಿದ್ದಾಯಿತು, ಮುಂದಿನ ಬೆಳೆಗೆ ಮೊಟ್ಟೆಯೂ ಬಂತು. ಆಗ ಒಂದು ಬೆಳಗ್ಗೆ ಜೀಪಿನಲ್ಲಿ ಒಬ್ಬ ಕಂಟ್ರಾಕ್ಟರ್ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಅಂಗಳದ ಹೊರಗೇ ಚಪ್ಪಲಿ ಬಿಟ್ಟು, "ಅಮ್ಮಾ, ಹುಳ ಇಟ್ಟಿದ್ದೀರಾ? ನಾನು ಒಳಗೆ ಬರೋಲ್ಲ" ಎಂದ. ಅಷ್ಟಕ್ಕೇ ಅತ್ತೆ ಕರಗಿಹೋದಳು. ಚಾಪೆ ಹಾಸಿದಳು, ಕಾಫಿ ಕೊಟ್ಟಳು. ಹಗ್ಗ ತಂದವರನ್ನು ಕತ್ತಿ ಹಿಡಿದು ಕೇಳಿದವಳು ಇವನನ್ನು ಯಾವೂರು ಎಂದೂ ಕೇಳಲಿಲ್ಲ. ಕಾಫಿ ಕುಡಿದು ಲೋಟ ತಾನೇ ತೊಳೆದಿಟ್ಟು, ಗುಂಡು ಒಡೆಯಲು ತನಗೆ ಪರ್ಮಿಷನ್ ಸಿಕ್ಕಿದೆ ಎಂದು ನಿಧಾನವಾಗಿ ಹೇಳಿದ.

"ನಿಮಗೆ ಈ ಗುಂಡು ಯಾರು ತೋರ್ಸಿದ್ರು?" ಅತ್ತೆ ಕೇಳಿದಳು.

"ಯಾರೋ ಪುಣ್ಯಾತ್ಮರು ಕಚೇರಿಗೆ ಬರ್ದಿದ್ರಮ್ಮ. ನಾವು ಹುಡುಕ್ಕೊಂಡು ಅಲೆಯೋದು ತಪ್ತು" ಎಂದು ಫೈಲು ಬಿಚ್ಚಿ ಒಂದು ಕಾಗದ ತೆಗೆದ.

"ಏನು ಬರ್ದವ್ರೆ ಓದೇ" ಎಂದಳು ಅತ್ತೆ.

ಕಾಗದ ನನ್ನ ಕೈಗೆ ಬಂತು. ನನ್ನದೇ ಗುಂಡು ಗುಂಡು ಅಕ್ಷರ. ಬಿರುಕಿಲ್ಲ ಎಂಬಲ್ಲಿ, ದಾರಿಯಿದೆ ಎಂಬಲ್ಲಿ ಯಾರೋ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಓದಿದೆ. ಕೊನೆಯ ಎರಡು ಸಾಲನ್ನೂ ಕೆಳಗಿನ ಗ್ರಾಮಸ್ಥರು ಎಂಬುದನ್ನೂ ಓದಲಿಲ್ಲ. ಆ ಕಂಟ್ರಾಕ್ಟರ್ ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಗೊತ್ತಾಯಿತೋ ಇಲ್ಲವೋ, ಇವತ್ತಿಗೂ ನನಗೆ ಅನುಮಾನ.

"ಬಿರುಕಿಲ್ಲ ಅಂತ ಅಂದಿದ್ದು ಆ ಬೆಂಗ್ಳೂರೋನೇ ಅಲ್ವೇನೇ? ನೀನೇ ಅವತ್ತು ಹೇಳ್ದೆ ನಂಗೆ. ಅವರೇ ಬರ್ದಿರೋದು" ಎಂದಳು ಅತ್ತೆ.

"ಹೂಂ" ಎಂದೆ.

ಎರಡು ಬೇಸಗೆ ಉಳಿ ಸುತ್ತಿಗೆಯ ಸದ್ದು. ಗುಂಡು ಹೋಳುಹೋಳಾಗಿ ಲಾರಿ ಹತ್ತಿತು. ಮೊದಲ ಬೇಸಗೆಯಲ್ಲೇ ಮಧ್ಯಾಹ್ನದ ಬಿಸಿಲು ಕೋಣೆಯ ಗೋಡೆಗೆ ನೇರ ಬಿದ್ದು ಹುಳುಗಳೆಲ್ಲ ತಟ್ಟೆಯಲ್ಲೇ ಕಪ್ಪಗಾದವು. ಅತ್ತೆ ಮತ್ತೆ ಮೊಟ್ಟೆ ತರಿಸಲಿಲ್ಲ.

ಆ ನಡುವೆ ಒಂದು ಭಾನುವಾರ ರೇಖಾ ಬಂದಳು. ಹೆಗಲ ಮೇಲೆ ಹಗ್ಗ, ಬೆನ್ನ ಹಿಂದೆ ಅದೇ ಮೂವರು. ಅರ್ಧ ಉಳಿದ ಬಂಡೆಯನ್ನು ನೋಡಿ ಅವಳು ಅಲ್ಲೇ ಕಲ್ಲುಪುಡಿಯ ಮೇಲೆ ಕೂತುಬಿಟ್ಟಳು. ಅತ್ತೆ ಹೊರಗೆ ಬಂದು ಎರಡು ಕೈಯಲ್ಲೂ ಮಣ್ಣು ತೂರಿದಳು. "ನಿಮ್ಮ ಕೈ ಸೇದೋಗ! ನನ್ನ ಬಾಯಿಗೆ ಮಣ್ಣು ಹಾಕಿದ್ರಲ್ರೋ! ಮತ್ತೆ ನೋಡೋಕೆ ಬಂದ್ರಾ?" ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬೈದಳು. ರೇಖಾಳ ತಲೆಗೂದಲ ತುಂಬ ಮಣ್ಣು. ಅವಳು ಒರೆಸಿಕೊಳ್ಳಲಿಲ್ಲ. ನನ್ನ ಕಡೆ ನೋಡಿ, "ನಾವೇನು ಮಾಡಿದ್ವಿ? ನೀವಾದ್ರೂ ಹೇಳಿ ಇವರಿಗೆ" ಎಂದಳು. ನಾನು ಅತ್ತೆಯ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಕಿಟಕಿಯ ಸಂದಿಯಿಂದ ಅವರು ಬಸ್ಸಿನ ದಾರಿ ಹಿಡಿದದ್ದು ಕಾಣಿಸಿತು. ಅವಳು ಮತ್ತೆ ಬರಲಿಲ್ಲ.

ಅತ್ತೆ ಕೋಲಾರಕ್ಕೆ, ನಮ್ಮ ಮನೆಗೆ ಬಂದಳು. ಬಂದವಳು ತನ್ನ ಸ್ವಭಾವವನ್ನೇನೂ ಊರಲ್ಲಿ ಬಿಟ್ಟು ಬರಲಿಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಪಕ್ಕದ ಮನೆಯವರು ಗೋಡೆಗೆ ಕಿವಿ ಕೊಡುತ್ತಾರೆ, ಸ್ವಂತ ತಮ್ಮ ತನ್ನ ಮಾತ್ರೆ ಬದಲಾಯಿಸುತ್ತಾನೆ. ಅಮ್ಮ ಕೊಟ್ಟ ಕಾಫಿಯನ್ನು ಮೂಸದೆ ಕುಡಿದವಳಲ್ಲ. ನಾನು ಕೊಟ್ಟರೆ ಮಾತ್ರ ಗಟಗಟ ಕುಡಿಯುತ್ತಿದ್ದಳು. ಎಷ್ಟೋ ಸಲ ಹೇಳಿಬಿಡೋಣ ಎಂದು ಪಕ್ಕದಲ್ಲಿ ಕೂತಿದ್ದೇನೆ. "ಅತ್ತೆ, ಆ ಕಾಗದ" ಎನ್ನುವಷ್ಟರಲ್ಲಿ ಅವಳೇ, "ಆ ಬೆಂಗ್ಳೂರೋರ ಮನೆ ಹಾಳಾಗ" ಎಂದು ಶುರು ಮಾಡುತ್ತಿದ್ದಳು. ನಾನು ಖಾಲಿ ಲೋಟ ಎತ್ತಿಕೊಂಡು ಏಳುತ್ತಿದ್ದೆ.

ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ, ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿ ನನ್ನೊಬ್ಬಳನ್ನೇ ಕೂರಿಸಿಕೊಂಡಳು. ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ಎರಡು ಸಲ ಕೇಳಿದಳು. ಸೆರಗಿನ ತುದಿಯ ಗಂಟು ಬಿಚ್ಚಲು ಬೆರಳು ಬರಲಿಲ್ಲ, ನಾನೇ ಬಿಚ್ಚಿದೆ. ಒಳಗೆ ಅವಳ ಟ್ರಂಕಿನ ಬೀಗದ ಕೈ ಇತ್ತು.

"ಯಾರ್ನೂ ನಂಬಬೇಡ. ನಾನು ನಿನ್ನ ಬಿಟ್ರೆ ಇನ್ಯಾರ್ನೂ ನಂಬ್ಲಿಲ್ಲ ಕಣೇ" ಎಂದಳು.

ನಾನು ಕೈ ಚಾಚಿ ಬೀಗದ ಕೈ ತೆಗೆದುಕೊಂಡೆ.